ಬೆಟ್ಟ ತೋರಿಸಲಾಗದ ಊರಿನಲ್ಲಿ

ಮಹಾರಾಜರ ಕಾಲದಲ್ಲಿ, ಅಂದರೆ ನಾನು ಹರೆಯದಲ್ಲಿದ್ದಾಗ, ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಎಚ್ಚರಿಸಿದ್ದಳು. ಅವಳು ಒಂದು ದಿನವೂ ಹೇಳಿದವಳಲ್ಲ. ಮಾವ ನಲವತ್ತು ತುಂಬುವುದರೊಳಗೇ ಸತ್ತಿದ್ದ. ಅದು ಹೇಗೆ ಎಂದು ಕೇಳುವ ಬುದ್ಧಿ ಆಗ ನನಗಿರಲಿಲ್ಲ.

ನನಗೆ ಈ ಕಟ್ಟಳೆ ಕಷ್ಟವೆನಿಸಿಯೂ ಇರಲಿಲ್ಲ. ಕೊರಟಗೆರೆ ಹತ್ತಿರದ ನಮ್ಮೂರಿನಲ್ಲಿ ಬಾಗಿಲಿಗೆ ಬಂದು ನಿಂತರೆ ಎದುರಿಗೇ ಸಿದ್ಧರಬೆಟ್ಟ. ನನ್ನ ಗಂಡ ಆ ಬೆಟ್ಟದ ಹರಕೆಯಿಂದ ಹುಟ್ಟಿದವನು, ಆ ಬೆಟ್ಟದ ಹೆಸರಿನವನು. ಯಾರಾದರೂ ಗಂಡನ ಹೆಸರೇನಮ್ಮ ಎಂದರೆ ಕೈ ಎತ್ತಿ ಬೆಟ್ಟ ತೋರಿಸುತ್ತಿದ್ದೆ. ಕೆಲಸ ಮುಗಿಯಿತು. ಕೊರಟಗೆರೆಯ ಕಚೇರಿ ಗುಮಾಸ್ತರು ಕೂಡ ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಿ ಸರಿಯಾಗಿ ಬರೆದುಕೊಂಡಿದ್ದರು. ಬೆಟ್ಟವೆಂಬುದು ಎಲ್ಲಾ ಊರಿಗೂ ಕಾಣುತ್ತದೆ ಎಂದೇ ನಾನು ತಿಳಿದಿದ್ದೆ.

ಗಂಡ ಮುಂಬಯಿಯ ಬಟ್ಟೆ ಗಿರಣಿಗೆ ಸೇರಿ ಮೂರು ವರ್ಷವಾಗಿತ್ತು. ಆಗೊಮ್ಮೆ ಈಗೊಮ್ಮೆ ಕಾಗದ ಬರುತ್ತಿತ್ತು. ನನಗೆ ಆಗ ಅಕ್ಷರ ಬಾರದು. ಶಾಲೆಯ ಮೇಷ್ಟ್ರು ನಮ್ಮ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ಕಾಗದ ನನ್ನದು, ಕೇಳುವುದು ಇಡೀ ಕೇರಿ. ಅದರಲ್ಲಿ ನನ್ನ ವಿಚಾರ ಒಂದು ಸಾಲು, ಕೆಂದ ಹಸುವಿನ ವಿಚಾರ ನಾಲ್ಕು ಸಾಲು ಇರುತ್ತಿತ್ತು.

ಹಾಗೆ ಒಂದು ಕಾಗದ ಓದಿ ಮುಗಿದ ಮೇಲೆ ನನ್ನ ಓರಗಿತ್ತಿ ಪುಟ್ಟಮ್ಮ ಎಲೆ ಅಡಿಕೆ ಅಗಿಯುತ್ತಾ ಅಂದಳು: "ಮೂರ್ ವರ್ಸದಿಂದ ಗಂಡ್ಸು ಒಬ್ನೇ ಬೇಯಿಸ್ಕಂಡು ತಿಂತಾವ್ನೆ ಅಂದ್ರೆ ನಂಬ್ತೀಯೇನಮ್ಮಿ? ಅಲ್ಲೊಬ್ಳು ಅವ್ಳೆ ಬುಡು."

"ನೀನೋಗಿ ನೋಡ್ಕಂಬಂದ್ಯಾ?"

"ನೋಡಾದೇನೈತೆ? ನಾನು ಒಂದಿನ ತೌರಿಗೋದ್ರೆ ನಿಮ್ ಭಾವ ಅಂಬ್ಲಿ ಕಾಯ್ಸಕ್ ಬರ್ದೆ ಹಸ್ಕಂಡು ಬಿದ್ದಿರ್ತಾನೆ."

ಅವಳ ಗಂಡ, ನನ್ನ ಗಂಡ ಒಂದೇ ತಾಯಿಯ ಮಕ್ಕಳು. ಆ ಮಾತು ನನ್ನ ಹೊಟ್ಟೆಯಲ್ಲಿ ಹೋಗಿ ಕೂತಿತು. ನಾಲ್ಕು ದಿನ ಉಂಡದ್ದು ರುಚಿಸಲಿಲ್ಲ. ಐದನೆಯ ದಿನ ಹೊರಟೆ. ಗಂಡನಿಗೆ ತಿಳಿಸಲಿಲ್ಲ. ತಿಳಿಸಿದರೆ ಅಲ್ಲಿ ಇದ್ದವಳನ್ನು ಸಾಗಿಸಿಬಿಡುವನಲ್ಲವೇ?

ಮೇಷ್ಟ್ರ ಕೈಲಿ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದೆ. ಒಂದು ಚೀಲ ರಾಗಿ ಹಿಟ್ಟು, ಒಂದು ಗಂಟು ಬಟ್ಟೆ, ಇಷ್ಟೇ ಸಾಮಾನು. ಸೋದರಮಾವ ತುಮಕೂರಿಗೆ ಬಂದು ರೈಲು ಹತ್ತಿಸಿ, ಪುಣೆಗೆ ಹೊರಟಿದ್ದ ಒಂದು ಸಂಸಾರಕ್ಕೆ ನನ್ನನ್ನು ಒಪ್ಪಿಸಿದ.

"ದಾರಿ ತಪ್ಪಿದ್ರೆ ಗಂಡನ್ ಹೆಸ್ರು ಹೇಳವ್ವ, ಯಾರಾದ್ರೂ ತೋರಿಸ್ತಾರೆ," ಅಂದ.

"ಹೆಸ್ರು ಹೇಳಾಕಾಯ್ತದಾ ಮಾವ?"

"ಅಂಗಾರೆ ಚೀಟಿ ಜ್ವಾಪಾನ."

ಚೀಟಿಯನ್ನು ನಾನು ಬಹಳ ಜೋಪಾನ ಮಾಡಿದೆ. ಪುಣೆಯವರೆಗೆ.

ಪುಣೆಯಲ್ಲಿ ಇಳಿಯುವ ಹೊತ್ತಿಗೆ ಕಲ್ಲಿದ್ದಲ ಹೊಗೆ ಕುಡಿದು ನನ್ನ ಸೀರೆಯ ಬಣ್ಣ ಯಾವುದೆಂದು ನನಗೇ ಮರೆತುಹೋಗಿತ್ತು. ಮುಂಬಯಿಯಲ್ಲಿ ನಿಜವಾಗಿಯೂ ಒಬ್ಬಳಿದ್ದರೆ ಅವಳ ಮುಂದೆ ಈ ಅವತಾರದಲ್ಲಿ ನಿಲ್ಲುವುದೇ? ಮುಂದಿನ ರೈಲಿಗೆ ಹೊತ್ತಿತ್ತು. ಗಂಟಿನಲ್ಲಿದ್ದ ಇನ್ನೊಂದು ಸೀರೆ ಸುತ್ತಿಕೊಂಡು, ಉಟ್ಟಿದ್ದನ್ನು ನಿಲ್ದಾಣದ ನಲ್ಲಿಯ ಕೆಳಗೆ ಹಾಕಿ ಕುಕ್ಕಿ ಕುಕ್ಕಿ ಒಗೆದೆ. ನಮ್ಮೂರ ಕೆರೆಯಲ್ಲೂ ನಾನು ಹಾಗೆ ಒಗೆದವಳಲ್ಲ. ರೈಲು ಹೊರಟ ಮೇಲೆ ಸೀರೆಯ ಒಂದು ತುದಿ ಹಿಡಿದು ಕಿಟಕಿಯಾಚೆ ಬಿಟ್ಟೆ. ಅದು ಬಾವುಟದಂತೆ ಹಾರುತ್ತಾ ಒಣಗಿತು. ಹಿಂದಿನ ಡಬ್ಬಿಯವರು ಕೈ ಬೀಸಿ ಏನೋ ಕೂಗುತ್ತಿದ್ದರು. ಸೀರೆ ಚೆನ್ನಾಗಿದೆ ಅನ್ನುತ್ತಿರಬೇಕು ಎಂದುಕೊಂಡೆ.

ದಾದರಿನಲ್ಲಿ ಇಳಿದು ಒಗೆದ ಸೀರೆಯ ಸೆರಗಿನ ಗಂಟು ಬಿಚ್ಚಿದೆ. ಒಳಗೆ ನೆನೆದ ಅವಲಕ್ಕಿಯಂಥದೇನೋ ಇತ್ತು. ಒಂದು ಅಕ್ಷರದ ಕೊಳೆಯೂ ಉಳಿದಿರಲಿಲ್ಲ. ಅಷ್ಟು ಶುಭ್ರವಾಗಿ ಒಗೆದಿದ್ದೆ.

ಆದರೂ ನಾನು ಎದೆಗುಂದಲಿಲ್ಲ. ಪರೇಲು, ಗಿರಣಿಯ ಹಿಂದೆ, ಮಾರುತಿ ಗುಡಿಯ ಎದುರಿಗೆ ಮೂರು ಮಹಡಿಯ ಚಾಳು ಎಂದು ಮೇಷ್ಟ್ರು ಓದಿದ್ದು ನೆನಪಿತ್ತು. ಪರೇಲು, ಮಾರುತಿ ಎಂಬ ಎರಡು ಮಾತಿಗೇ ಟಾಂಗಾದವನು ನನ್ನನ್ನು ಅಲ್ಲಿಗೆ ತಂದು ಇಳಿಸಿದ. ಮುಂಬಯಿ ಇಷ್ಟೇನಾ ಎಂದುಕೊಂಡು ತಲೆ ಎತ್ತಿ ನೋಡಿದೆ. ದನದ ಕೊಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕಟ್ಟಡ. ಸಾಲಾಗಿ ನೂರು ಬಾಗಿಲು. ಒಂದೊಂದು ಬಾಗಿಲಿಗೆ ಒಂದೊಂದು ಸಂಸಾರ. ಯಾವ ಬಾಗಿಲೆಂಬುದು ಆ ಚೀಟಿಯಲ್ಲಿತ್ತು.

ಅಂಗಳದ ನಲ್ಲಿಯ ಹತ್ತಿರ ಹೆಂಗಸರಿದ್ದರು. ಮರಾಠಿಯವರು. ತಾಳಿ ತೋರಿಸಿ, ಮೇಲಕ್ಕೆ ಕೈ ಮಾಡಿ, ಗಂಡನನ್ನು ಹುಡುಕುತ್ತಿದ್ದೇನೆ ಎಂದು ತಿಳಿಸಿದೆ. ಅರ್ಥವಾಯಿತು. ಹೆಸರೇನು ಎಂದು ಕೇಳಿದರು. ಅದು ನನಗೂ ಅರ್ಥವಾಯಿತು. ರೂಢಿಯಂತೆ ಕೈ ಎತ್ತಿ ದೂರಕ್ಕೆ ತೋರಿಸಿದೆ.

ಎಲ್ಲರೂ ತಿರುಗಿ ನೋಡಿದರು. ನಾನೂ ನೋಡಿದೆ. ಬೆಟ್ಟವಿರಬೇಕಾದ ಕಡೆ ಗಿರಣಿಯ ಹೊಗೆ ಕೊಳವೆ ನಿಂತಿತ್ತು.

ಗಿರಣಿಯಲ್ಲಿ ದುಡಿಯುವವನು ಎಂದು ಅವರು ತಿಳಿದುಕೊಂಡರು. ನಿಜವೇ. ಆದರೆ ಆ ಚಾಳಿನ ಗಂಡಸರೆಲ್ಲರೂ ಅಲ್ಲೇ ದುಡಿಯುವವರು.

ನೀರಿನಲ್ಲಿ ಬೆರಳದ್ದಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ದೊಡ್ಡದಾಗಿ ಬೆಟ್ಟ ಬರೆದೆ. ಅವರು ಸುತ್ತ ನಿಂತು ನೋಡಿ, ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಒಬ್ಬಳು ಓಡಿಹೋಗಿ ಮೂಲೆಯ ಕಿರಾಣಿ ಅಂಗಡಿಯವನನ್ನು ಕರೆತಂದಳು. ಅವನ ಹೊಟ್ಟೆ ನೋಡಿದ ಮೇಲೆ ನನಗೆ ವಿಷಯ ತಿಳಿಯಿತು. ಅಲ್ಲ ಎಂದು ತಲೆಯಾಡಿಸಿದೆ. ಹಿಂದೆಯೇ ಓಡಿಬಂದಿದ್ದ ಅವನ ಹೆಂಡತಿಗೆ ಆಗ ಉಸಿರು ಬಂತು.

ಬೆಟ್ಟ ಆಗದಿದ್ದರೆ ಬೆಟ್ಟದ ಸಿದ್ಧರನ್ನೇ ತೋರಿಸೋಣ ಎಂದುಕೊಂಡೆ. ಕೂದಲು ಬಿಚ್ಚಿ ಹೆಗಲ ಮೇಲೆ ಹರಡಿ, ಅಂಗಳದಲ್ಲಿ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ಬಲಗೈ ಎತ್ತಿ ಆಶೀರ್ವಾದ ಮಾಡಿದೆ. ಗದ್ದಲ ನಿಂತಿತು. ಈಗ ತಿಳಿಯಿತು ಇವರಿಗೆ ಎಂದು ಕಣ್ಣು ಬಿಟ್ಟರೆ ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಗಂಡ ಮನೆ ಬಿಟ್ಟು ಸನ್ಯಾಸಿಯಾಗಿದ್ದಾನೆ ಎಂದು ತೀರ್ಮಾನವಾಗಿತ್ತು. ಒಬ್ಬ ಮುದುಕಿ ನನ್ನನ್ನು ತಬ್ಬಿಕೊಂಡಳು. ಇನ್ನೊಬ್ಬಳು ಚಹಾ, ಪಾವ್ ರೊಟ್ಟಿ ತಂದಳು. ಬೆಳಗಿನಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ತಿಂದೆ. ಇನ್ನೊಂದು ಕೊಟ್ಟರು. ಅದನ್ನೂ ತಿಂದೆ. ಅಂಥ ದುಃಖದಲ್ಲಿ ಅಷ್ಟು ಚೆನ್ನಾಗಿ ತಿನ್ನುವವಳನ್ನು ಅವರು ನೋಡಿರಲಿಲ್ಲವೆಂದು ಕಾಣುತ್ತದೆ.

ಅಷ್ಟರಲ್ಲಿ ಯಾರೋ ಎರಡನೆಯ ಮಹಡಿಯಿಂದ ಬೆಳಗಾವಿ ಕಡೆಯ ಗಂಗವ್ವನನ್ನು ಕರೆತಂದರು. ಅವಳು ಕನ್ನಡದಲ್ಲಿ ಬಾಯಿ ತೆರೆದಾಗ ನನಗೆ ಹಾಲು ಕುಡಿದಂತಾಯಿತು.

"ಯಾ ಊರವ್ವಾ ನಿಂದು? ನಿನ್ನ ಗಂಡ ಸನ್ಯಾಸಿ ಆಗ್ಯಾನಂತ?"

"ಸನ್ಯಾಸಿನೂ ಇಲ್ಲ, ಏನೂ ಇಲ್ಲ ಕಣವ್ವ. ಇಲ್ಲೇ ಎಲ್ಲೋ ಅವ್ನೆ. ನಾನು ಹೆಸ್ರು ಹೇಳಂಗಿಲ್ಲ."

"ಇಷ್ಟಽ ಏನ? ಒಡಪು ಹಾಕಿ ಹೇಳ. ಹಾಡಿನ್ಯಾಗ ಹೇಳಿದ್ರ ದೋಷ ಇಲ್ಲ."

"ಯಾರಂದೋರು?"

"ನಾ ಮೂವತ್ತ ವರ್ಷದಿಂದ ಹೇಳಾಕತ್ತೇನಿ. ನನ್ನ ಗಂಡ ಎತ್ತಿನಂಗ ಅದಾನ."

ಅವಳು ಇದನ್ನು ಮರಾಠಿಯಲ್ಲಿ ಹೇಳಿದ್ದೇ ತಡ, ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ಅವರಲ್ಲೂ ಗಂಡನ ಹೆಸರನ್ನು ಹಾಡಿನಲ್ಲೇ ಹೇಳುವ ಪದ್ಧತಿಯಂತೆ. ಹೇಗೆಂದು ನನಗೆ ತೋರಿಸಿಕೊಡಲು ಒಬ್ಬಳು ತನ್ನದನ್ನು ಹೇಳಿದಳು. ಅವಳು ಹೇಳಿದ ಮೇಲೆ ಪಕ್ಕದವಳು ಬಿಡುತ್ತಾಳೆಯೇ? ಸುತ್ತಾಗಿ ಕೂತು ಒಬ್ಬೊಬ್ಬರೂ ಹೇಳಿದರು, ನಕ್ಕರು, ತಳ್ಳಾಡಿದರು. ನಾನು ಯಾಕೆ ಬಂದಿದ್ದೇನೆಂಬುದೇ ಅವರಿಗೆ ಮರೆತುಹೋಯಿತು. ನನ್ನ ಗಂಡನೊಬ್ಬನನ್ನು ಬಿಟ್ಟು ಆ ಚಾಳಿನ ಎಲ್ಲರ ಗಂಡಂದಿರ ಹೆಸರೂ ನನಗೆ ತಿಳಿಯಿತು.

ಕೊನೆಗೆ ನನ್ನ ಸರದಿ ಬಂತು. ಸಿದ್ಧರಿಗೆ ಮನಸ್ಸಿನಲ್ಲೇ ತಪ್ಪುಕಾಣಿಕೆ ಹರಸಿಕೊಂಡು, ಕಣ್ಣು ಮುಚ್ಚಿ ಒದರಿಬಿಟ್ಟೆ:

"ಹೊಲ್ದಾಗೆ ರಾಗಿ ತೆನೆ, ಗಡಿಗೇಲಿ ಮಜ್ಜಿಗೆ,
ಸಿದ್ದಪ್ಪನ ಹೆಂಡ್ತಿ ಬಂದವ್ಳೆ ಇಲ್ಲಿಗೆ."

ಸಿದ್ದಪ್ಪ ಎಂಬ ಹೆಸರನ್ನು ಅವರೆಲ್ಲ ಬಾಯಲ್ಲಿ ಹೊರಳಿಸಿ ನೋಡಿದರು. ಒಬ್ಬರಿಗೂ ಗೊತ್ತಿಲ್ಲ! ಮೇಲಿನವರನ್ನು ಕೇಳಿದರು. ಮೇಲಿನವರು ಅದರ ಮೇಲಿನವರನ್ನು ಕೇಳಿದರು. ಸಿದ್ದಪ್ಪಾ, ಸಿದ್ದಪ್ಪಾ ಎಂದು ಹೆಸರು ಮೂರು ಮಹಡಿಯನ್ನೂ ಹತ್ತಿತು. ಅಂಥವನು ಇಲ್ಲವೇ ಇಲ್ಲ ಎಂಬ ಉತ್ತರ ಇಳಿದು ಬಂತು. ಪುಟ್ಟಮ್ಮ ಹೇಳಿದ್ದು ನಿಜವಾಯಿತೇ? ಯಾರನ್ನೋ ಕಟ್ಟಿಕೊಂಡು ಬೇರೆ ಕಡೆ ಹೋದನೇ? ಹೆಸರು ಹೇಳಿ ಗಂಡನ ಆಯುಸ್ಸನ್ನೂ ಕಳೆದೆ, ಗಂಡನೂ ಸಿಗಲಿಲ್ಲ.

ಆಗ ಮೂರನೆಯ ಮಹಡಿಯ ಮೂಲೆಯ ಬಾಗಿಲು ತೆರೆಯಿತು. ತಲೆ ಕೆದರಿಕೊಂಡು, ಪಂಚೆ ಸರಿಪಡಿಸಿಕೊಳ್ಳುತ್ತಾ ಒಬ್ಬ ಹೊರಗೆ ಬಂದ.

"ಯಾವನ್ಲಾ ಅವ್ನು, ರಾತ್ರಿ ಪಾಳಿ ಮಾಡ್ಬಂದೋನ್ನ ಮಲಗಾಕ್ ಬುಡ್ದಂಗೆ ನನ್ ಹೆಸ್ರು ಕೂಗ್ತಾ ಇರೋನು?"

ಗಂಗವ್ವ ಹಣೆ ಚಚ್ಚಿಕೊಂಡಳು. "ಅಯ್ಯ ನಮ್ಮವ್ವ, ಮದ್ರಾಸಿ! ಇವ್ನ ಹೆಸ್ರ ಸಿದ್ದಪ್ಪ ಏನ? ಮದ್ರಾಸಿ ಅಂದಿದ್ರ ಆಗಽ ತೋರಿಸ್ತಿದ್ದೆ."

ನಮ್ಮ ಕಡೆಯವರು ಯಾರೇ ಹೋಗಲಿ, ಅಲ್ಲಿ ಅವರಿಗೆ ಅದೊಂದೇ ಹೆಸರಂತೆ. ಮೂರು ವರ್ಷದಿಂದ ಅವನನ್ನು ಸಿದ್ದಪ್ಪ ಎಂದು ಕರೆದವರೇ ಇರಲಿಲ್ಲ.

ಅವನು ಮೆಟ್ಟಿಲಿಳಿದು ಬಂದು ನನ್ನನ್ನು ಕಂಡು ಅಲ್ಲೇ ನಿಂತ.

"ಲೇ, ನೀನಾ? ಯಾರ್ ಜೊತೆ ಬಂದೆ?"

"ರಾಗಿ ಹಿಟ್ಟಿನ್ ಜೊತೆ."

"ನನ್ ಹೆಸ್ರು ಹೇಳ್ದೋರ್ಯಾರು?"

ಅಷ್ಟೂ ಹೆಂಗಸರು ನನ್ನ ಕಡೆ ಬೆರಳು ತೋರಿಸಿದರು. ಅವನ ಮುಖವೆಲ್ಲ ನಗುವಾಯಿತು. "ಎಲ್ಲಿ, ಇನ್ನೊಂದ್ ಸಲ ಹೇಳು, ಕೇಳಾನ."

"ಮೊದ್ಲು ರೂಮ್ ತೋರ್ಸು."

ಒಳಗೆ ಹೋದವಳು ಕೂರಲಿಲ್ಲ. ಮೂಲೆ ಮೂಲೆ ನೋಡಿದೆ. ಒಲೆಯ ಪಕ್ಕದಲ್ಲಿ ಒಂದು ಪಾತ್ರೆ. ಮೂರು ವರ್ಷದಿಂದ ಬೂದಿಯನ್ನೇ ಕಾಣದ ಪಾತ್ರೆ. ಒಳಗೂ ಹೊರಗೂ ಒಂದೇ ಕಪ್ಪು. ಹೆಣ್ಣೊಬ್ಬಳು ಕಾಲಿಟ್ಟ ಮನೆಯಲ್ಲಿ ಅಂಥ ಪಾತ್ರೆ ಒಂದು ದಿನವೂ ಉಳಿಯದು. ಅಷ್ಟು ಚೆಂದದ ಮಸಿಯನ್ನು ನಾನು ಮತ್ತೆಲ್ಲೂ ನೋಡಿಲ್ಲ.

"ಏನ್ ಹುಡುಕ್ತಾ ಇದ್ದೀಯೆ?" ಅಂದ.

"ಏನಿಲ್ಲ. ಬೂದಿ ಎಲ್ಲೈತೆ? ಪಾತ್ರೆ ಉಜ್ಜಬೇಕು."

ಆವತ್ತು ಅವನು ಮೂರು ಮುದ್ದೆ ಉಂಡ.

ಎರಡು ತಿಂಗಳು ಅಲ್ಲಿದ್ದೆ. ಅವನು ಚಾಳಿನವರಿಗೆ ಮದ್ರಾಸಿಯಾಗಿಯೇ ಉಳಿದ. ಆದರೆ ನಾನು ಅಷ್ಟು ಗದ್ದಲ ಮಾಡಿ ಹೇಳಿದ ಹೆಸರು ಎಲ್ಲಿಗಾದರೂ ಸೇರಬೇಕಲ್ಲ? ಅದು ನನ್ನದೇ ಹೆಸರೆಂದು ಅವರು ಖಾತ್ರಿ ಮಾಡಿಕೊಂಡರು. ಕೊಡ ಹಿಡಿದು ಅಂಗಳಕ್ಕೆ ಇಳಿದರೆ ಸಾಕು, ನಾಲ್ಕು ಕಡೆಯಿಂದ "ಸಿದ್ದಪ್ಪಾಬಾಯಿ, ಸಿದ್ದಪ್ಪಾಬಾಯಿ" ಎಂದು ಕರೆ. ಒಂದೊಂದು ಕರೆಗೆ ಗಂಡನ ಆಯುಸ್ಸು ಒಂದೊಂದು ವರ್ಷ ಕಳೆಯುತ್ತಿದೆಯೇನೋ ಎಂದು ಮೊದಮೊದಲು ನಡುಗಿದೆ. ಆ ಲೆಕ್ಕದಲ್ಲಿ ಅವನು ಎರಡನೆಯ ವಾರಕ್ಕೇ ಸಾಯಬೇಕಿತ್ತು. ಎಂಬತ್ತು ದಾಟಿ ಬದುಕಿದ.

ಗಂಡನ ಹೆಸರನ್ನು ಬಾಯಲ್ಲಿ ತರಬಾರದೆಂದು ಪರೇಲಿನ ಅಂಗಳದಲ್ಲಿ ಪದ್ಮಾಸನ ಹಾಕಿದವಳು ನಾನು. ಎರಡು ತಿಂಗಳು ದಿನಾ ಬೆಳಗ್ಗೆ ಆ ಹೆಸರಿಗೇ "ಓ" ಎಂದು ನೀರು ಹಿಡಿದೆ.