ಎರಡು ಚಿರೋಟಿಯ ಕರಾರು

ಮಗಳ ಮದುವೆಗೆ ಫೋಟೋಗ್ರಾಫರನ್ನು ಗೊತ್ತು ಮಾಡುವ ಕೆಲಸ ವಾಗೀಶರಾಯರ ಪಾಲಿಗೆ ಬಂದದ್ದು ಅವರ ಜಾಣತನಕ್ಕಲ್ಲ, ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದಕ್ಕೆ. ಛತ್ರ, ಪುರೋಹಿತರು, ಸೀರೆ ಎಲ್ಲವನ್ನೂ ಹೆಂಡತಿ ಪಂಕಜಾ ನೋಡಿಕೊಂಡಿದ್ದರು. ಅಡುಗೆಯವರ ಜೊತೆ ಮಾತಾಡಿ ಬರುತ್ತೇನೆಂದು ರಾಯರು ತಾವಾಗಿ ಚಪ್ಪಲಿ ಮೆಟ್ಟಿದಾಗ ಆಕೆ ಬಾಗಿಲಿಗೆ ಅಡ್ಡ ನಿಂತರು.

"ಅಡುಗೆಯವರ ಹತ್ತಿರ ನೀವು ಹೋಗಕೂಡದು. ಗೊತ್ತು ಮಾಡಿದ್ದ ಫೋಟೋದವರು ಕೈಕೊಟ್ಟಿದಾರೆ, ಬೇರೆಯವರನ್ನ ನೋಡ್ಕೊಂಡು ಬನ್ನಿ. ಫೋಟೋನ ತಿನ್ನೋಕಾಗಲ್ಲ."

ಗಂಡ ಹೆಂಡತಿಯ ನಡುವೆ ಒಂದು ಕರಾರಿತ್ತು. ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರು ಹುಬ್ಬೇರಿಸಿದ ದಿನ ಆದ ಕರಾರು ಅದು. ಮದುವೆಯವರೆಗೆ ರಾಯರು ಒಂದು ಚೂರು ಸಿಹಿ ಮುಟ್ಟದಿದ್ದರೆ, ಮಗಳ ಮದುವೆಯ ಊಟಕ್ಕೆ ಬೀಗರ ಪಕ್ಕದಲ್ಲಿ ಕೂತು, ಮೇಲೆ ಬಾದಾಮಿ ಹಾಲು ಹುಯ್ದ ಎರಡು ಚಿರೋಟಿ ತಿನ್ನಬಹುದು. ಮುಟ್ಟಿದರೆ ಅವತ್ತೂ ಚಪಾತಿ, ಹೀರೇಕಾಯಿ ಪಲ್ಯ. ಚಿರೋಟಿಯ ಹೆಸರು ಕೇಳಿದರೆ ಕಣ್ಣಲ್ಲಿ ನೀರು ತುಂಬುವ ಮನುಷ್ಯ ಅರವತ್ತೊಂದು ದಿನ ತಡೆದುಕೊಂಡಿದ್ದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದರು. ಇದು ಸಣ್ಣ ಸಾಧನೆಯಲ್ಲ, ನಮ್ಮ ನಿಮ್ಮಿಂದ ಆಗುವಂಥದ್ದೂ ಅಲ್ಲ. ಮದುವೆಗೆ ಇನ್ನು ಹನ್ನೊಂದೇ ದಿನ ಉಳಿದಿತ್ತು.

ಹೊರಡುವಾಗ ಮಗಳು ಲಹರಿ ಗೇಟಿನವರೆಗೂ ಬಂದು ಹೇಳಿದಳು. "ಅಪ್ಪ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ 'ಇಲ್ನೋಡಿ, ಸ್ಮೈಲ್ ಮಾಡಿ' ಅನ್ನೋರು ಬೇಡ. ಫೋಟೋ ತೆಗೆದಿದ್ದು ನಮಗೆ ಗೊತ್ತೇ ಆಗಬಾರದು. ಅಂಥೋರನ್ನ ನೋಡು."

ರಾಯರ ಸ್ಕೂಟರು ಮೈಸೂರಿನ ಗೋಕುಲಂನ ಮನೆಯಿಂದ ಹೊರಟು ಬನ್ನಿಮಂಟಪದ ಲಿಂಗಯ್ಯನ ಸ್ಟುಡಿಯೋ ಮುಂದೆ ನಿಂತಿತು. ಲಿಂಗಯ್ಯ ದೊಡ್ಡ ಆಲ್ಬಮ್ಮನ್ನು ಎರಡು ಕೈಯಲ್ಲಿ ಎತ್ತಿ ತಂದು ಮುಂದಿಟ್ಟ. ರಾಯರು ಕನ್ನಡಕ ಸರಿಮಾಡಿಕೊಂಡು ಹತ್ತು ಪುಟ ತಿರುವಿದರು.

"ಚೆನ್ನಾಗಿದೆ ಲಿಂಗಯ್ಯನೋರೆ. ಆದ್ರೆ ಇವರಿಗೆಲ್ಲ ಕ್ಯಾಮೆರಾ ಇರೋದು ಗೊತ್ತಿದೆ. ಈ ಮಾವನೋರನ್ನ ನೋಡಿ, ಹೊಟ್ಟೆ ಒಳಗೆ ಎಳ್ಕೊಂಡಿದಾರೆ. ಗೊತ್ತಾಗದ ಹಾಗೆ ತೆಗೆದದ್ದು ಇದ್ರೆ ತೋರಿಸಿ. ನಾನು ಮೂವತ್ತೈದು ವರ್ಷ ಅಂಚೆ ಕಚೇರೀಲಿದ್ದೋನು ಕಣ್ರೀ. ನನ್ನ ಕಣ್ಣು ತಪ್ಪಿಸಿ ಒಂದು ಕಾರ್ಡೂ ಆಚೆ ಹೋಗಿಲ್ಲ."

ಲಿಂಗಯ್ಯ ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಮಗಳ ಕಡೆ ನೋಡಿದ. ಅವಳು ತಲೆಯಾಡಿಸಿದಳು.

"ಅಂಗೇ ಆಗ್ಲಿ ಸಾರ್. ಸಾಯಂಕಾಲ ಆರು ಗಂಟೆಗೆ ನಮ್ಮುಡ್ಗಿ ಸಂಘಮಿತ್ರ ನಿಮ್ಮನೆಗೇ ಬಂದು ತೋರಿಸ್ತಾಳೆ. ಇಷ್ಟ ಆಗದಿದ್ರೆ ಬುಟ್ಬುಡಿ."

ಮನೆಯ ವಿಳಾಸ ಬರೆದುಕೊಟ್ಟು ರಾಯರು ಹೊರಟರು. ಹೋಲಿಸಿ ನೋಡಲು ನಾಲ್ಕು ಮನೆಯ ಆಲ್ಬಮ್ ಕಂಡಿರಲಿ ಎಂಬುದು ಅವರ ಲೆಕ್ಕಾಚಾರ. ಆದರೆ ನಮ್ಮ ಊರಲ್ಲಿ ಮದುವೆ ಆಲ್ಬಮ್ಮನ್ನು ಸುಮ್ಮನೆ ನೋಡಲು ಬಿಡುವುದಿಲ್ಲ. ಮನೆಯವರು ಪಕ್ಕದಲ್ಲಿ ಕೂತು, ಒಂದೊಂದು ಮುಖದ ಮೇಲೂ ಬೆರಳಿಟ್ಟು, ಇವರು ಯಾರು, ಅವತ್ತು ಯಾಕೆ ಮುನಿಸಿಕೊಂಡಿದ್ದರು ಎಂಬುದನ್ನೆಲ್ಲ ಹೇಳಿ ಮುಗಿಸಬೇಕು.

ಉದಯಗಿರಿಯ ದೊರೆಸ್ವಾಮಿ, ರಾಯರ ಕಚೇರಿಯಲ್ಲೇ ಪೋಸ್ಟ್‌ಮ್ಯಾನ್ ಆಗಿದ್ದವನು. ಮನೆ ಮುಂದಿನ ಜಗಲಿಯ ಮೇಲೆ ಆಲ್ಬಮ್ ಹರಡಿ ತನ್ನ ಷಡ್ಡಕನೊಬ್ಬನ ಕಥೆಗೇ ಅರ್ಧ ಗಂಟೆ ತೆಗೆದುಕೊಂಡ. ಕೊನೆಗೆ ತಟ್ಟೆಯಲ್ಲಿ ಬಿಸಿ ಕಾಯಿ ಒಬ್ಬಟ್ಟು ಬಂತು.

"ಬೇಡ ದೊರೆಸ್ವಾಮಿ, ನನಗೆ ಸಕ್ಕರೆ."

"ಲಹರಮ್ಮನ ಮದ್ವೆ ಸುದ್ದಿ ತಂದಿದ್ದೀರಿ, ಬಾಯಿ ಸೀ ಮಾಡ್ದೆ ಎಂಗ್ ಕಳಿಸ್ಲಿ ಸಾಮಿ? ನಮ್ಮವ್ವ ಮಾಡಿದ್ದು. ಎಂಬತ್ತೆರಡು ವರ್ಷ ಅವ್ಳಿಗೆ. ತಡೀರಿ, ತುಪ್ಪ ತತ್ತೀನಿ."

ಅವನು ಇನ್ನಷ್ಟು ತುಪ್ಪ ತರಲು ಒಳಗೆ ಹೋದದ್ದೇ ತಡ, ರಾಯರು ಒಬ್ಬಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಸೇರಿಸಿದರು. ಒಂದು ಚೂರೂ ಬಾಯಿಗೆ ಹೋಗಲಿಲ್ಲ. ಸುತ್ತ ಒಮ್ಮೆ ನೋಡಿದರು. ಎದುರು ರಸ್ತೆಯಲ್ಲಿ ಮುಖಕ್ಕೆ ಹಳದಿ ದುಪ್ಪಟ್ಟಾ ಸುತ್ತಿಕೊಂಡ ಹುಡುಗಿಯೊಬ್ಬಳು ಸ್ಕೂಟಿ ಮೇಲೆ ಕೂತಿದ್ದಳು, ಅಷ್ಟೆ.

ಮುಂದಿನದು ಗೋಕುಲಂನಲ್ಲೇ, ತಮ್ಮ ಮನೆಯಿಂದ ಎರಡು ಮನೆ ಆಚೆಯ ಮಂಗಳಮ್ಮನವರದು. ರಾಯರ ಬಿಳಿ ಅಂಗಿಯ ಜೇಬಿನಲ್ಲಿ ಅಷ್ಟು ಹೊತ್ತಿಗೆ ತುಪ್ಪ ಅಂಗೈಯಗಲ ಹರಡಿತ್ತು. ಆಲ್ಬಮ್ ನೋಡುವ ನೆಪದಲ್ಲಿ ಅದನ್ನು ಎದೆಗೆ ಅವುಚಿಕೊಂಡೇ ಬೀದಿ ಕಡೆಯ ಕಿಟಕಿ ಪಕ್ಕ ಕೂತರು. ಮಂಗಳಮ್ಮ ರವೆ ಉಂಡೆಯ ಡಬ್ಬಿ ತೆರೆದರು.

"ಎರಡು ತಗೊಂಬುಡಿ ರಾಯರೆ. ತಿನ್ನೋವರೆಗೂ ನಾನು ಮುಂದಿನ ಪುಟ ತಿರುಗಿಸಲ್ಲ."

ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಅವರು ಎದ್ದು ಹೋಗಿ ಬರುವಷ್ಟರಲ್ಲಿ ಎರಡೂ ಉಂಡೆ, ಈ ಸಲ ಸ್ಕೂಟರಿನಿಂದ ತಂದಿದ್ದ ಬಟ್ಟೆಚೀಲಕ್ಕಿಳಿದಿದ್ದವು, ರಾಯರು ಖಾಲಿ ಬಾಯಿ ಅಗಿಯುತ್ತಿದ್ದರು. "ಅಮೃತ ಕಣಮ್ಮ," ಎಂದರು. ಮಂಗಳಮ್ಮನಿಗೆ ಖುಷಿಯಾಯಿತು.

ಹೊರಗೆ ಬಂದರೆ ಅದೇ ಹಳದಿ ದುಪ್ಪಟ್ಟಾದ ಹುಡುಗಿ ಸ್ಕೂಟಿಯ ಮೇಲೆ ಬಗ್ಗಿದ್ದಳು. ಅಂಥ ದುಪ್ಪಟ್ಟಾ ಮೈಸೂರಲ್ಲಿ ಸಾವಿರ ಇರುತ್ತವೆ. ರಾಯರು ಕನಿಕರದಿಂದ, "ಪೆಟ್ರೋಲ್ ಇದ್ಯಾ ನೋಡಮ್ಮ," ಎಂದರು.

"ಇದೆ ಅಂಕಲ್, ಥ್ಯಾಂಕ್ಸ್," ಎಂದಳು ಅವಳು.

ಈಗ ಸಿಹಿಯನ್ನು ಎಲ್ಲಾದರೂ ವಿಲೇವಾರಿ ಮಾಡಬೇಕಿತ್ತು. ರಾಯರು ಸ್ಕೂಟರನ್ನು ಅಲ್ಲೇ ಬಿಟ್ಟು, ಹತ್ತಿರದ ಪಾರ್ಕಿಗೆ ನಡೆದು ಹೋಗಿ ಮರದ ಕೆಳಗಿನ ಬೆಂಚಿನಲ್ಲಿ ಕೂತರು. ತುಪ್ಪದ ವಾಸನೆ ಹಿಡಿದು ಒಂದು ಕಂದು ನಾಯಿ ಹಿಂದೆಯೇ ಬಂದು ಕೂತಿತು. ಅದಕ್ಕೆ ಅರ್ಧ ಒಬ್ಬಟ್ಟು ಮುರಿದು ಹಾಕಿದರು. ಉಳಿದರ್ಧವನ್ನೂ ಹಾಕುವವರೇ, ಎಂಬತ್ತೆರಡು ವರ್ಷದ ಮುದುಕಿ ಕಾವಲಿ ಮುಂದೆ ಕೂತು ಮಾಡಿದ್ದೆಂಬುದು ನೆನಪಾಗಿ ಕೈ ನಿಂತಿತು. ಬೆರಳಿಗೆ ಹೂರಣ ಅಂಟಿತ್ತು. ಅದನ್ನು ಒರೆಸಿಕೊಳ್ಳಲು ಕರವಸ್ತ್ರ ನೋಡಿದರೆ ಅದೇ ತುಪ್ಪದಲ್ಲಿ ನೆಂದಿತ್ತು. ಬೇರೆ ದಾರಿ ಕಾಣದೆ ಬೆರಳನ್ನು ಬಾಯಿಗಿಟ್ಟುಕೊಂಡರು.

ಅಲ್ಲಿಗೆ ಮುಗಿಯಿತು. ಕನ್ನಡಕ ತೆಗೆದು ಜೇಬಿಗಿಟ್ಟು, ಕಣ್ಣು ಮುಚ್ಚಿ, ಅರ್ಧ ಒಬ್ಬಟ್ಟನ್ನೂ ಎರಡು ರವೆ ಉಂಡೆಯನ್ನೂ ಅವರು ತಿಂದ ರೀತಿಯಲ್ಲಿ ಒಂದು ಭಕ್ತಿಯಿತ್ತು. ಅರವತ್ತೊಂದು ದಿನದ ವ್ರತ ಮೂರು ನಿಮಿಷದಲ್ಲಿ ಕರಗಿತು. ಆಮೇಲೆ ಬಂದದ್ದು ಹೆದರಿಕೆ.

ಪುಣ್ಯಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ರಾಯರು ಅಂಗಿ ಬಿಚ್ಚಿ, ಸೋಪು ಉಜ್ಜಿ, ಒಗೆಯುವ ಕಲ್ಲಿಗೆ ಎರಡು ಸಲ ಬಡಿದರು. ಕನ್ನಡಕ ಜೇಬಿನಲ್ಲೇ ಇದ್ದದ್ದು ನೆನಪಾದದ್ದು ಮೂರನೇ ಸಲ ಬಡಿದ ಮೇಲೆ. ಪಂಕಜಾ ಬಂದು ಕೇಳಿದಾಗ, "ಅಂಗಿ ಮೇಲೆ ಕಾಫಿ ಚೆಲ್ಲಿತು, ಕನ್ನಡಕ ಬಿದ್ದು ಒಡೀತು," ಎಂದರು. ಕ್ಯಾಲೆಂಡರಿನಲ್ಲಿ ಅರವತ್ತೆರಡನೆಯ ಗೀಟನ್ನೂ ಅಂದಾಜಿನಲ್ಲೇ ಎಳೆದರು.

ಸರಿಯಾಗಿ ಆರಕ್ಕೆ ಸಂಘಮಿತ್ರ ಬಂದಳು. ಫೋಟೋ ಆಯ್ಕೆಗೆ ನಾಲ್ಕು ಜನರ ಅಭಿಪ್ರಾಯ ಇರಲಿ ಎಂದು ಪಂಕಜಾ ಮಂಗಳಮ್ಮನನ್ನೂ ದೊರೆಸ್ವಾಮಿಯನ್ನೂ ಕರೆಸಿದ್ದರು. ಕನ್ನಡಕವಿಲ್ಲದ ರಾಯರಿಗೆ ಬಂದವಳ ಹೆಗಲ ಮೇಲೆ ಏನೋ ಹಳದಿ ಬಣ್ಣ ಕಂಡಿತು. ಅದು ಏನೆಂದು ಅವರು ಯೋಚಿಸಲಿಲ್ಲ.

"ಇವತ್ತೇ ತೆಗೆದಿದ್ದು ಆಂಟಿ," ಎಂದು ಸಂಘಮಿತ್ರ ಟಿವಿಗೆ ವೈರು ಸಿಕ್ಕಿಸಿದಳು. "ಬೆಳಿಗ್ಗೆಯಿಂದ ಒಬ್ಬರನ್ನೇ ಹಿಂಬಾಲಿಸಿ ತೆಗೆದೆ. ಅವರಿಗೆ ಗೊತ್ತೇ ಆಗ್ಲಿಲ್ಲ. ಚೆನ್ನಾಗಿ ಬಂದಿರೋದನ್ನೇ ಮೊದಲು ಹಾಕ್ತೀನಿ."

ಪರದೆ ಬೆಳಗಿತು. ಹಸಿರು ಮಬ್ಬಿನ ನಡುವೆ, ಮರದ ಕೆಳಗೆ, ಯಾರೋ ಕಣ್ಣು ಮುಚ್ಚಿ ಕೂತ ಹಾಗಿತ್ತು. ಎಲೆಗಳ ಸಂದಿಯಿಂದ ಬಿಸಿಲು ಅವರ ಹಣೆಗೆ ಬಿದ್ದಿತ್ತು. ರಾಯರು ಮನಸಾರೆ ಮೆಚ್ಚಿದರು.

"ಆಹಾ! ಇದು ಫೋಟೋ! ನಮ್ಮ ಗೋಕುಲಂಗೆ ಯೋಗ ಕಲಿಯೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರಲ್ಲ, ಅವರಲ್ಲಿ ಯಾರೋ ಇರ್ಬೇಕು. ಏನು ಶಾಂತಿ, ಏನು ತೃಪ್ತಿ! ಆಸೆಯನ್ನೆಲ್ಲ ಗೆದ್ದ ಮುಖ ಅಂದ್ರೆ ಇದು ಕಣೇ ಪಂಕಜಾ. ಬೇರೆ ಯಾರನ್ನೂ ನೋಡೋದೇ ಬೇಡ, ಈ ಹುಡುಗೀನೇ ಗೊತ್ತು ಮಾಡಿಬಿಡೋಣ."

ಲಹರಿ ನಗು ತಡೆಯಲು ಬಾಯಿಗೆ ಅಡ್ಡ ಏನೋ ಹಿಡಿದುಕೊಂಡಿದ್ದಳು.

"ಆ ಯೋಗಿಗಳ ಕೈಯಲ್ಲಿ ಏನಿದೆ, ಸ್ವಲ್ಪ ಹತ್ತಿರ ಹೋಗಿ ನೋಡಿ," ಎಂದರು ಪಂಕಜಾ.

ರಾಯರು ಎದ್ದು ಹೋಗಿ ಟಿವಿಗೆ ಮೂಗು ತಾಗಿಸಿ ನಿಂತರು. ಮೊದಲು ಕಂಡದ್ದು ಅರ್ಧ ಕಚ್ಚಿದ ರವೆ ಉಂಡೆ. ಅದರ ಹಿಂದೆ ಕಂಡದ್ದು ತಮ್ಮದೇ ಮೀಸೆ. ಏನು ಎತ್ತ ತಿಳಿಯದ ಸಂಘಮಿತ್ರ ಉತ್ಸಾಹದಿಂದ ಉಳಿದವನ್ನೂ ಸರಿಸುತ್ತಾ ಹೋದಳು.

"ಅಯ್ಯೋ, ನನ್ನುಂಡೆ ಚೀಲದೊಳಕ್ಕೆ! ಅಮೃತ ಅಂದ್ರಲ್ರೀ!" ಎಂದರು ಮಂಗಳಮ್ಮ.

"ನಮ್ಮವ್ವನ ಒಬ್ಬಟ್ಟು ನಾಯಿಗಾ ಸಾಮಿ?" ಎಂದ ದೊರೆಸ್ವಾಮಿ.

ಆದರೆ ಪಂಕಜಾ ಬೈಯಲಿಲ್ಲ. ಮೊದಲನೆಯ ಫೋಟೋವನ್ನೇ ಮತ್ತೆ ಹಾಕಿಸಿಕೊಂಡು ಬಹಳ ಹೊತ್ತು ನೋಡಿದರು. "ಮೂವತ್ತೊಂದು ವರ್ಷ ಆಯ್ತು ನಮ್ಮ ಮದುವೆಯಾಗಿ. ಆ ಆಲ್ಬಮ್ಮಿನಲ್ಲಿ ಇವರು ಒಂದರಲ್ಲೂ ನಕ್ಕಿಲ್ಲ. ಇವರ ಮುಖ ಇಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರ್ಲಿಲ್ಲ ನೋಡಮ್ಮ," ಎಂದರು. ರಾಯರಿಗೆ ಸ್ವಲ್ಪ ಜೀವ ಬಂತು.

"ನಿನ್ನನ್ನೇ ಗೊತ್ತು ಮಾಡಿದೀವಿ," ಎಂದು ಪಂಕಜಾ ಕಣ್ಣೊರೆಸಿಕೊಂಡರು. "ಇದನ್ನ ದೊಡ್ಡದು ಮಾಡಿಸಿ ಕೊಡು, ಹಾಲ್ ಗೋಡೆಗೆ ಹಾಕ್ತೀನಿ. ಇನ್ನೊಂದು. ಮದುವೆ ದಿನ ಊಟದ ಮನೇಲಿ ನಿನ್ನ ಒಂದು ಕ್ಯಾಮೆರಾ ಇವರ ಮೇಲೇ ಇರ್ಲಿ. ಇವರ ಎಲೆಗೆ ಹೀರೇಕಾಯಿ ಪಲ್ಯ ಹೇಳಿರ್ತೀನಿ."

ರಾಯರು ಗೇಟಿನವರೆಗೆ ಬೀಳ್ಕೊಡಲು ಹೋದರು. ಸಂಘಮಿತ್ರ ದುಪ್ಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡಳು. ಈಗ ಅದು ಯಾವ ದುಪ್ಪಟ್ಟಾ ಎಂದು ಕನ್ನಡಕವಿಲ್ಲದೆಯೂ ಅವರಿಗೆ ತಿಳಿಯಿತು. ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದರು.

"ಅಲ್ಲಮ್ಮ, ಅವತ್ತು ನೀನೂ ಊಟಕ್ಕೆ ಕೂತ್ಕೋಬೇಕಲ್ಲ? ಹತ್ತು ನಿಮಿಷ ಆದ್ರೂ ಕ್ಯಾಮೆರಾ ಕೆಳಗಿಡ್ತೀಯ ತಾನೆ?"

"ಆಗ ಅಪ್ಪ ತೆಗೀತಾರೆ ಅಂಕಲ್," ಎಂದಳು ಸಂಘಮಿತ್ರ ಸ್ಕೂಟಿ ಚಾಲೂ ಮಾಡುತ್ತಾ. "ನೀವೇನೂ ಯೋಚ್ನೆ ಮಾಡ್ಬೇಡಿ. ನಿಮಗೆ ಗೊತ್ತೇ ಆಗಲ್ಲ."