ಒಂದು ದೀರ್ಘದ ರಜೆ

ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವನ ಸಂಕಟ ಯಾರಿಗೆ ಬೇಕು, ಹೇಳಿ? ಪ್ರೂಫಪ್ಪನಿಗೆ (ಜೊತೆಯವರು ಇಟ್ಟ ಹೆಸರು, ಹೆತ್ತವರು ಇಟ್ಟದ್ದು ಈಗ ಅವನಿಗೂ ಸರಿಯಾಗಿ ನೆನಪಿಲ್ಲ) ಇದ್ದದ್ದು ಒಂದೇ ಆಸೆ: ಕಾದಂಬರಿ ಓದಿ ಅಳಬೇಕು. ಹದಿನೆಂಟರ ಹರೆಯದಲ್ಲಿ ದಿಂಬು ತೊಯ್ಯುವಂತೆ ಅಳುತ್ತಿದ್ದ ಪುಣ್ಯಾತ್ಮ. ಈಗ ನಾಯಕಿ ಪ್ರಾಣ ಬಿಟ್ಟರೂ ಇವನ ಕಣ್ಣು ಮಹಾಪ್ರಾಣದ ಮೇಲೆ.

ಎಲೆ ಉದುರುವ ಕಾಲಕ್ಕೆ ಹತ್ತು ದಿನ ರಜೆ ಸಿಕ್ಕಿತು. "ಈ ಸಲ ಸ್ಫೂರ್ತಿದಾಯಕ ಕಾದಂಬರಿಗಳ ಮಹಾಪಾರಾಯಣ!" ಎಂದು ಸಾರಿ, ಕಪಾಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

"ನನಗೂ ಒಂದು ಆರಿಸಿ ಕೊಡ್ರೀ," ಎಂದಳು ಹೆಂಡತಿ. "ಓದಿದ್ರೆ ಎದೆಗೆ ಧೈರ್ಯ ಬರಬೇಕು."

"ತಗೋ. ಮುನ್ನೂರು ಪುಟ, ಒಂದೂ ತಪ್ಪಿಲ್ಲ. ನಾನೇ ತಿದ್ದಿದ್ದು."

"ಕಥೆ ಏನು?"

"ಕಥೆನಾ?" ಪ್ರೂಫಪ್ಪ ತಲೆ ಕೆರೆದುಕೊಂಡ. "ಯಾರೋ ಯಾರಿಗೋ ಕಾಯ್ತಾರೆ. ಅಲ್ಪವಿರಾಮ ಜಾಸ್ತಿ ಇತ್ತು, ಕಿತ್ತು ಹಾಕ್ದೆ."

ಹೆಂಡತಿ ಎರಡೇ ದಿನಕ್ಕೆ ಓದಿ ಮುಗಿಸಿದಳು. ಮೂರನೆಯ ದಿನ ಬೆಳಿಗ್ಗೆ ಮೂಗು ಒರೆಸಿಕೊಳ್ಳುತ್ತಾ ಬಂದು ನಿಂತಳು. ಮುನಿಸಿಕೊಂಡು ಹೋದ ತಂಗಿಗಾಗಿ ಅಕ್ಕ ವರ್ಷಗಟ್ಟಲೆ ಕಾಯುವ ಕಥೆಯಂತೆ. ಕೊನೆಯ ಸಾಲು: 'ಒಂದು ದಿನ ತಂಗಿ ಬಂದಳು.'

"ಓದಿ ತಡ್ಕೊಳ್ಳೋಕೆ ಆಗ್ಲಿಲ್ಲ ರೀ. ನಮ್ಮ ತಂಗಿಗೂ ರಜೆಗೆ ಬಾ ಅಂತ ಕಾಗದ ಹಾಕ್ಬಿಟ್ಟೆ!"

ಪ್ರೂಫಪ್ಪ ಕೈಯಲ್ಲಿದ್ದ ಕೆಂಪು ಪೆನ್ಸಿಲನ್ನು ಮೆಲ್ಲಗೆ ಕಿವಿಯ ಮೇಲೆ ಸಿಕ್ಕಿಸಿಕೊಂಡ. ಆರು ವರ್ಷದ ಹಿಂದೆ ಇದೇ ನಾದಿನಿಯ ಪ್ರೀತಿಯ ಕಾಗದದಲ್ಲಿ ಹದಿನಾಲ್ಕು ತಪ್ಪು ಕಂಡು, ಕೆಂಪು ಪೆನ್ಸಿಲಿನಲ್ಲಿ ತಿದ್ದಿ ಮರುಟಪಾಲಿಗೆ ವಾಪಸ್ ಕಳಿಸಿದ ಮಹಾನುಭಾವ ಇವನೇ. ಅಂದಿನಿಂದ ಅವಳು ಈ ಕಡೆ ತಲೆ ಹಾಕಿಲ್ಲ. ಫೋನ್ ಮಾಡಿದರೆ ಎತ್ತುವುದೂ ಇಲ್ಲ.

ಉತ್ತರ ಬರಲಿಲ್ಲ. ಹೆಂಡತಿ ಮಂಚಕ್ಕೆ ಹೊಸ ಹೊದಿಕೆ ಹಾಸಿದಳು, ತೆಗೆದಳು, ಮತ್ತೆ ಹಾಸಿದಳು. ಗಳಿಗೆಗೊಮ್ಮೆ ಕಿಟಕಿಗೆ ಹೋಗಿ ನಿಲ್ಲುವಳು. ಏಳನೆಯ ದಿನ ಪ್ರೂಫಪ್ಪ ಆ ಕೊನೆಯ ಸಾಲನ್ನು ತೆರೆದು ನೋಡಿದವನೇ ಪುಸ್ತಕ ಹಿಡಿದು ಹೆಂಡತಿಯ ಹತ್ತಿರ ಓಡಿದ.

"ಒಂದು ಮಾತು, ಬೈಬೇಡ. ಬರೆದವರು 'ಬಂದಾಳು' ಅಂತಾನೇ ಬರೆದಿದ್ರು. ತಪ್ಪು ಅಂದ್ಕೊಂಡು ನಾನೇ ದೀರ್ಘ ತೆಗೆದೆ."

"ಅಂದ್ರೆ, ಅವಳು ಬರಲೇ ಇಲ್ವಾ?"

"ಬಂದ್ರೂ ಬರಬಹುದು, ಅಂತ."

"ನಿಜವಾದ ತಂಗೀನ ತಿದ್ದಿ ಓಡಿಸಿದ್ರಿ, ಕಥೇಲಿರೋ ತಂಗೀನ ತಿದ್ದಿ ಕರೆಸಿದ್ರಿ! ಎಂಥ ಜಾಣರು ರೀ ನೀವು!" ಅವನ ಕಿವಿಯ ಮೇಲಿದ್ದ ಪೆನ್ಸಿಲು ಕಿತ್ತುಕೊಂಡು ದೀರ್ಘವನ್ನು ಮತ್ತೆ ಎಳೆದಳು. ಆಮೇಲೆ ದನಿ ಇಳಿಯಿತು. "ಅವಳನ್ನ ಒಂದ್ಸಲ ನೋಡ್ಬೇಕು ಅನ್ಸುತ್ತೆ ರೀ."

ಮಿಕ್ಕ ರಜೆಯೆಲ್ಲ ಪ್ರೂಫಪ್ಪನೂ ಕಿಟಕಿಯಲ್ಲೇ ನಿಂತ. ಆರಿಸಿಟ್ಟ ಕಾದಂಬರಿಗಳು ಮೇಜಿನ ಮೇಲೆ ಹಾಗೇ ಉಳಿದವು.

ಹತ್ತನೆಯ ದಿನ ಸಂಜೆ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ನಾದಿನಿ, ಕೈಯಲ್ಲಿ ಪೆಟ್ಟಿಗೆ!

"ಒಂದು ಸಾಲು ಉತ್ತರ ಬರೀಬಾರ್ದಿತ್ತೇನೇ?" ಅಕ್ಕ ತಬ್ಬಿಕೊಂಡು ಅತ್ತಳು.

"ಬರೆದ್ರೆ ಭಾವ ತಿದ್ತಾರಲ್ಲ, ಅಕ್ಕಾ! ಹತ್ತು ಸಲ ಬರೆದು ಹರಿದು ಹಾಕ್ದೆ. ಕೊನೆಗೆ, ನಾನೇ ಹೋಗಿ ನಿಂತ್ರೆ ಹೇಗೆ ತಿದ್ತಾರೋ ನೋಡೋಣ ಅಂತ ಹೊರಟು ಬಂದೆ."

"ರೀ, ಆ ದೀರ್ಘ ಹೊಡೆದು ಹಾಕಿ!"

ಪ್ರೂಫಪ್ಪ ಪುಸ್ತಕ ತೆರೆದು ಕೊನೆಯ ಸಾಲಿಗಾಗಿ ತಡಕಾಡಿದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನಿಗೆ ಒಂದಕ್ಷರವೂ ಕಾಣಲಿಲ್ಲ, ಕಣ್ತುಂಬ ನೀರು.

"ಕೊಡಿ ಭಾವ ಇಲ್ಲಿ," ಎಂದು ನಾದಿನಿ ಕೆಂಪು ಪೆನ್ಸಿಲು ಕಸಿದು ತಾನೇ ಹೊಡೆದು ಹಾಕಿದಳು, ಬೇರೆ ಯಾವುದೋ ಸಾಲನ್ನು.

ಪ್ರೂಫಪ್ಪ ಕಣ್ಣೊರೆಸಿಕೊಂಡು ನೋಡಿದ. ತಿದ್ದಲಿಲ್ಲ.