ತನಗೇ ಅರ್ಥಿಂಗ್ ಮಾಡಿಕೊಂಡ ನಮ್ಮ ಭಾವ

ಮನೆಗೆ ಅರ್ಥಿಂಗ್ ಮಾಡಿಸಿದವರನ್ನು ನೀವು ನೋಡಿರುತ್ತೀರಿ. ರೈಸ್ ಮಿಲ್ಲಿಗೆ, ಬೋರ್‌ವೆಲ್ಲಿಗೆ, ಕಲ್ಯಾಣ ಮಂಟಪಕ್ಕೆ ಮಾಡಿಸಿದವರೂ ಇದ್ದಾರೆ. ಆದರೆ ತನಗೇ ಅರ್ಥಿಂಗ್ ಮಾಡಿಕೊಂಡ ಮನುಷ್ಯ ಬಳ್ಳಾರಿ ಜಿಲ್ಲೆಗೆಲ್ಲ ಒಬ್ಬರೇ, ಮತ್ತು ಅವರು ನನ್ನ ಅಕ್ಕನ ಗಂಡ. ಇದನ್ನು ಹೆಮ್ಮೆಯಿಂದ ಹೇಳಬೇಕೋ ತಲೆ ತಗ್ಗಿಸಿ ಹೇಳಬೇಕೋ ಎಂದು ಬಹಳ ದಿನ ಯೋಚಿಸಿದೆ. ನನಗೆ ಎಪ್ಪತ್ತೆರಡಾಯಿತು. ಇನ್ನು ಗುಟ್ಟು ಇಟ್ಟುಕೊಂಡು ಏನು ಮಾಡಲಿ?

ಭಾವ ಸಿರುಗುಪ್ಪದಲ್ಲಿ ನಲವತ್ತು ವರ್ಷ ಮೋಟಾರ್ ರಿವೈಂಡಿಂಗ್ ಮಾಡಿದವರು. ಸುಗ್ಗಿಯಲ್ಲಿ ಮಿಲ್ಲಿನ ಮೋಟಾರು ಸುಟ್ಟರೆ ಮಾಲೀಕರು ಡಾಕ್ಟರನ್ನು ಕರೆಸಿದಂತೆ ಇವರನ್ನು ಕರೆಸುತ್ತಿದ್ದರು. ಭಾವ ಬಂದು ಮೋಟಾರನ್ನು ಒಮ್ಮೆ ಮೂಸಿ ನೋಡಿ, ಬಿಚ್ಚುವ ಮೊದಲೇ ರೋಗ ಹೇಳುತ್ತಿದ್ದರು. ವೈರಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ತಿಳಿಯಲು ಬೇರೆಯವರು ಟೆಸ್ಟರ್ ಹುಡುಕಿದರೆ, ಇವರು ಹಿಂಗೈ ತಾಗಿಸಿ, "ಐತಿ, ಆದ್ರ ಪೂರಾ ಬಂದಿಲ್ಲ" ಎನ್ನುತ್ತಿದ್ದರು. ಇಂಥವರಿಗೆ ಕಡೆಗೆ ತಾಗಿದ್ದು ಯಾವುದು ಗೊತ್ತೇ? ಅಂಗೈ ಅಗಲದ ಮೊಬೈಲ್ ಫೋನು.

ಅಕ್ಕ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡು ಮೂರು ತಿಂಗಳಾಗಿತ್ತು. ಆಗ ಶುರುವಾಯಿತು. ಫೋನು ಹತ್ತಿರ ಬಂದರೆ ಸಾಕು, ಭಾವನಿಗೆ ಬಲಗಿವಿಯ ಹಿಂದೆ ಕಾದ ಸೌಟು ಇಟ್ಟ ಹಾಗೆ ಉರಿ. ನಾನೇ ಕರೆದುಕೊಂಡು ಡಾಕ್ಟರುಗಳ ಹತ್ತಿರ ಅಲೆದೆ. ಕಿವಿಯ ಡಾಕ್ಟರು ಕಿವಿ ಚೆನ್ನಾಗಿದೆ ಎಂದರು. ನರದ ಡಾಕ್ಟರು ನರ ಚೆನ್ನಾಗಿದೆ ಎಂದರು. ಹೊರಗೆ ಬಂದು ಭಾವ ಕೇಳಿದರು:

"ಎಲ್ಲಾ ಛಲೋ ಐತಿ ಅಂದ್ರ, ಸುಡಾಕ ಹತ್ತಿದ್ದು ಯಾರ ತಲಿಲೇ?"

ಅಲ್ಲಿಂದ ಮುಂದೆ ಅವರು ತಮ್ಮ ಡಾಕ್ಟರು ತಾವೇ ಆದರು. ಫೋನನ್ನು ಯಾರಿಗೋ ಕೊಟ್ಟುಬಿಟ್ಟರು. ಹಿತ್ತಿಲಲ್ಲಿ ಒಂದು ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಮೇಲೆ ಇದ್ದಿಲು, ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ತುಂಬಿದರು. ಅಲ್ಲಿಂದ ತಾಮ್ರದ ತಂತಿ ಕಿಟಕಿಯೊಳಗೆ ಬಂದು, ಮಂಚದ ಕಾಲು ಬಳಸಿ, ಕೊನೆಗೆ ಒಂದು ಕ್ಲಿಪ್ಪಿನಿಂದ ಭಾವನ ಎಡಗಾಲಿನ ಹೆಬ್ಬೆರಳನ್ನು ಹಿಡಿದುಕೊಂಡಿತು. ಮೈಗೆ ಹತ್ತಿದ್ದೆಲ್ಲ ಭೂಮಿಗೆ ಇಳಿಯಬೇಕು, ಅಷ್ಟೇ ಲೆಕ್ಕ. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಅರ್ಥಿಂಗ್ ಕೆಲಸ ಮಾಡುವುದಿಲ್ಲವಲ್ಲ, ಅದಕ್ಕೆ ದಿನಾ ಎರಡು ಕೊಡ ನೀರು. ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಏನ್ ಗಿಡ ಹಚ್ಚೀರಿ?" ಎಂದು ಕೇಳಿದರು.

"ನನ್ನs ಹಚ್ಚೀನ್ರಿ" ಎಂದರು ಭಾವ. "ಚಿಗುರಿದ್ರ ಹೇಳತೀನಿ."

ನಗು ಬರುತ್ತದೆ ಅಲ್ಲವೇ? ನನಗೂ ಬರುತ್ತಿತ್ತು. ಆದರೆ ಒಂದು ಮಾತಿಗೆ ಮಾತ್ರ ನಗು ಬರುತ್ತಿರಲಿಲ್ಲ. ಈ ಕಾಯಿಲೆ ಹತ್ತಿದ ಮೇಲೆ ಭಾವ ಬಳ್ಳಾರಿ ಪಾರ್ವತಿನಗರದ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಮೂವತ್ತು ವರ್ಷ ತಿಂಗಳಿಗೆರಡು ಭಾನುವಾರ ಅಕ್ಕನ ಜೊತೆ ತಪ್ಪದೆ ಬಂದವರು. ಬಂದರೆ ನಮ್ಮ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕಾಲು ಮಡಚಿ ಕೂತು, ಒಗ್ಗರಣೆ ಮಂಡಕ್ಕಿಗೆ ಒಂಬತ್ತು ಮಿರ್ಚಿ ತಿನ್ನುತ್ತಿದ್ದರು. ಅಕ್ಕ ಒಳಗಿನಿಂದಲೇ ಎಣಿಸುತ್ತಿದ್ದಳು. "ಏಳಾದ್ವು" ಎಂದು ಅವಳು ಕೂಗಿದರೆ ಭಾವ ನನಗೆ ಕಣ್ಣು ಹೊಡೆದು ಎರಡನ್ನು ನನ್ನ ತಟ್ಟೆಗೆ ಹಾಕಿ, ಅವಳು ಇಣುಕಿ ಹೋದ ಮೇಲೆ ವಾಪಸ್ ತೆಗೆದುಕೊಳ್ಳುತ್ತಿದ್ದರು. ನಾನು ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ತರನಾಗಿದ್ದವನು. ವಾರವೆಲ್ಲ ಬಟ್ಟೆ ಕತ್ತರಿಸಿ, ಆ ಭಾನುವಾರಕ್ಕೆ ಕಾಯುತ್ತಿದ್ದೆ. ಅಕ್ಕ ಹೋದಳು. ಭಾವನಾದರೂ ಬರಲಿ ಎಂದು ಕರೆದರೆ, ಅವರದು ಒಂದೇ ಉತ್ತರ:

"ನಿಮ್ಮನಿ ಹಿಂದ ಟವರ್ ಐತಿ. ಅದನ್ನ ತಗಸು, ಅವತ್ತs ಬರತೀನಿ."

ಟವರ್ ತೆಗೆಸಲು ನಾನು ಯಾರು? ಭಾವನನ್ನೇ ಗುಣಪಡಿಸುವುದು ಸುಲಭ ಎನಿಸಿತು. ಅವರು ಹೇಳಿದ್ದಕ್ಕೆಲ್ಲ ಹೂಂ ಎಂದೆ.

ಮೊದಲನೆಯ ಹೂಂ ನನ್ನನ್ನು ಕುರುಗೋಡಿಗೆ ಒಯ್ದಿತು. ಸಿರುಗುಪ್ಪದಲ್ಲಿ ಸಿಗ್ನಲ್ ಬಹಳ, ಕುರುಗೋಡಿನ ಗುಡ್ಡದ ಬಂಡೆಗಳ ಮರೆಯಲ್ಲಿ ಎಲ್ಲೋ ಒಂದು ಕಡೆ ಇರಲಿಕ್ಕಿಲ್ಲ ಎಂದು ಭಾವನ ಅಂದಾಜು. ನಾನು ಫೋನು ಹಿಡಿದು ಮುಂದೆ, ಅವರು ಇಪ್ಪತ್ತು ಹೆಜ್ಜೆ ಹಿಂದೆ. "ಮೂರು ಕಡ್ಡಿ" ಎನ್ನುತ್ತಿದ್ದೆ. "ಮುಂದ ನಡಿ" ಎನ್ನುತ್ತಿದ್ದರು. "ಎರಡು ಕಡ್ಡಿ." "ಎಡಕ್ಕ ತಿರುಗು." ಹೀಗೆ ಒಂದು ಬೆಳಗಿನ ಹೊತ್ತೆಲ್ಲ ಇಬ್ಬರು ಮುದುಕರು ಹಳೇ ಗುಡಿಗಳ ಹಿಂದೆ, ಬಂಡೆಗಳ ಸಂದಿಯಲ್ಲಿ ಸುತ್ತಿದರೆ ಊರವರು ಏನು ತಿಳಿಯಬೇಕು? ಐದಾರು ಜನ ಬಂದು ಅಡ್ಡ ನಿಂತರು. ನಿಧಿ ಹುಡುಕುವವರೆಂದು ಅವರ ಗುಮಾನಿ.

"ಯಜಮಾನ್ರ, ಏನ್ ಹುಡುಕಾಕ ಹತ್ತೀರಿ? ಖರೇ ಹೇಳ್ರಿ."

"ಏನೂ ಇಲ್ಲದ ಜಾಗ" ಎಂದರು ಭಾವ.

ಅವರಿಗೆ ಸಮಾಧಾನವಾಗಲಿಲ್ಲ. ನನ್ನ ಫೋನನ್ನು ಇಸಿದುಕೊಂಡು ತಿರುವಿ ನೋಡಿದರು. ಕೊನೆಗೆ ಅವರಲ್ಲೇ ಒಬ್ಬ ವಯಸ್ಸಾದವರು, "ಸಿಗ್ನಲ್ ಇಲ್ಲದ ಮನಿ ಬೇಕಂದ್ರ ನಮ್ದs ಐತಲ್ಲ. ಅದಕ್ಕs ಅಲ್ಲಿ ಯಾರೂ ಬಾಡಿಗಿಗೆ ಬರವಲ್ರು" ಎಂದರು. ಬಂಡೆಗೆ ಬೆನ್ನು ಕೊಟ್ಟ ಎರಡು ಕೋಣೆಯ ಕಲ್ಲಿನ ಮನೆ. ಒಳಗೆ ಕಾಲಿಟ್ಟೆ. ಒಂದು ಕಡ್ಡಿಯೂ ಇಲ್ಲ. ಭಾವ ಮುಂದಿನ ವಾರವೇ ಅಲ್ಲಿಗೆ ಹೋದರು. ಹೊಸ ಗುಂಡಿ, ಹೊಸ ಇದ್ದಿಲು, ಹೊಸ ಉಪ್ಪು.

ಅಲ್ಲಿ ಶುರುವಾದದ್ದು ಖನಿಜಗಳ ಪರ್ವ. ಪ್ರಕೃತಿ ಚಿಕಿತ್ಸೆಯವರೊಬ್ಬರು ಬರೆದುಕೊಟ್ಟ ಚೀಟಿಯೊಂದು ಭಾವನ ಹತ್ತಿರ ಇತ್ತು. ಮನುಷ್ಯ ಎಂದರೆ ಬ್ಯಾಟರಿ ಎಂಬುದು ಅವರ ಸಿದ್ಧಾಂತ. ಒಳಗಿನ ಉಪ್ಪುಗಳು ಸರಿ ಇದ್ದರೆ ಹೊರಗಿನ ತರಂಗ ಏನೂ ಮಾಡುವುದಿಲ್ಲ. ಅಕ್ಕನ ಸಾಸಿವೆ ಜೀರಿಗೆಯ ಸ್ಟೀಲ್ ಡಬ್ಬಿ ಇತ್ತಲ್ಲ, ಏಳು ಬಟ್ಟಲಿನದು, ಅದರಲ್ಲಿ ಈಗ ಒಗ್ಗರಣೆಯ ಬದಲು ಮೆಗ್ನೀಸಿಯಂ, ಝಿಂಕ್, ಮತ್ತೇನೇನೋ ಪುಡಿಗಳು. ಹೋದವರಿಗೆಲ್ಲ, "ಉಗುರು ತೋರಸ್ರಿ" ಎನ್ನುವರು. ಉಗುರಿನಲ್ಲಿ ಬಿಳಿ ಚುಕ್ಕೆ ಇದ್ದರೆ ಝಿಂಕ್ ಕಡಿಮೆ. ಚುಕ್ಕೆ ಇಲ್ಲದಿದ್ದರೆ ಝಿಂಕ್ ಎಷ್ಟು ಕಡಿಮೆಯೆಂದರೆ ಚುಕ್ಕೆ ಬರಲಿಕ್ಕೂ ಸಾಲದು. ಹಾಲು ಹಾಕುವವಳಿಂದ ಹಿಡಿದು ಮೀಟರ್ ನೋಡಲು ಬಂದವನವರೆಗೆ ಯಾರೂ ಆರೋಗ್ಯವಂತರಾಗಿ ಆ ಮನೆಯಿಂದ ಹೊರಗೆ ಹೋಗಲಿಲ್ಲ.

ನಾನೂ ಒಮ್ಮೆ ಸಿಕ್ಕಿಬಿದ್ದೆ. ಅವರು ಕೊಟ್ಟದ್ದು ಎರಡು ಚಿಟಿಕೆ ಮೆಗ್ನೀಸಿಯಂ. ಭಾವನನ್ನು ಮೆಚ್ಚಿಸುವ ಆಸೆಗೆ ಅವರು ಅತ್ತ ತಿರುಗಿದಾಗ ಎರಡು ಚಮಚ ತಿಂದೆ. ಬಸ್ಸು ಕುರುಗೋಡು ದಾಟುವ ತನಕ ಏನೂ ಇಲ್ಲ. ಕೋಳೂರು ಹತ್ತಿರ ಬರುವಷ್ಟರಲ್ಲಿ ಹೊಟ್ಟೆಯಲ್ಲಿ ಕಾಲುವೆಗೆ ನೀರು ಬಿಟ್ಟ ಸದ್ದು. ಬಸ್ಸು ನಿಲ್ಲಿಸಿ ಜಾಲಿಗಿಡಗಳ ಕಡೆ ಓಡಿದೆ. ಬಸ್ಸೆಲ್ಲ ಕಾಯಿತು. ಮುಂದಿನ ಸೋಮವಾರ ಅದೇ ಕಂಡಕ್ಟರ್ ನನ್ನನ್ನು ನೋಡಿ ಮೆಲ್ಲಗೆ ಕೇಳಿದ:

"ಯಜ್ಜಾರ, ಇವತ್ತೂ ಸ್ಟಾಪ್ ಐತೇನ್ರಿ?"

ಹೌದು, ಪ್ರತಿ ಸೋಮವಾರ ಹೋಗುತ್ತಿದ್ದೆ. ಪುಡಿಗಳನ್ನು ಬಳ್ಳಾರಿಯ ಅಂಗಡಿಯಿಂದ ಒಯ್ದು ಕೊಡುವ ಕೆಲಸ ನನ್ನದು. ಇಲ್ಲಿಂದ ಮುಂದಿನದನ್ನು ಬರೆಯಲು ಕೈ ಸ್ವಲ್ಪ ಹಿಂದೆಗೆಯುತ್ತದೆ. ಆದರೂ ಬರೆಯುತ್ತೇನೆ.

ಒಂದು ಸಲ ಅಂಗಡಿಯಲ್ಲಿ ಮೆಗ್ನೀಸಿಯಂ ಇರಲಿಲ್ಲ. ಬರಿಗೈಲಿ ಹೋಗಲು ಮನಸ್ಸಾಗಲಿಲ್ಲ. ಮನೆಯಲ್ಲಿ ದೇವರ ಮುಂದೆ ವಿಭೂತಿ ಗಟ್ಟಿಗಳಿದ್ದವು. ಬಣ್ಣ ಅದೇ, ನುಣುಪು ಅದೇ. ಎರಡು ಗಟ್ಟಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಹಳೇ ಡಬ್ಬಿಗೆ ತುಂಬಿ ಕೊಟ್ಟುಬಂದೆ. ವಿಭೂತಿ ಹಣೆಗೆ ಹಚ್ಚಿ ಉಳಿದ ಚೂರು ಬಾಯಿಗೆ ಹಾಕಿಕೊಳ್ಳುವ ಮನೆತನ ನಮ್ಮದು. ತಪ್ಪೇನು ಎಂದುಕೊಂಡೆ. ಮುಂದಿನ ಸೋಮವಾರ ಭಾವನ ಮುಖ ಅರಳಿತ್ತು.

"ಈ ಸಲದ ಮಾಲು ಬಹಳ ಛಲೋ ಐತಿ ನೋಡು. ಎಲ್ಲಿ ತಂದಿ? ವಾರ ಪೂರ್ತಿ ಉರಿ ಇಲ್ಲ."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಒಂದು ತಿಂಗಳು ವಿಭೂತಿ ಒಯ್ದು ಕೊಟ್ಟೆ. ಆಮೇಲೆ ಅಕ್ಕನ ನಾಲ್ಕನೇ ವರ್ಷದ ಪೂಜೆ ಬಂತು. ಭಾವ ಎಲ್ಲೂ ಹೋಗುವುದಿಲ್ಲವಾದ್ದರಿಂದ ಕುರುಗೋಡಿನ ಆ ಮನೆಯಲ್ಲೇ. ಬಂದ ನೆಂಟರೆಲ್ಲ ಫೋನುಗಳನ್ನು ಅಂಗಳದ ಅಕ್ಕಿ ಡ್ರಮ್ಮಿನೊಳಗೆ ಹಾಕಿ, ಮುಚ್ಚಳ ಮುಚ್ಚಿ ಒಳಗೆ ಬರಬೇಕು. ಸಿಗ್ನಲ್ ಇಲ್ಲದ ಮನೆಯಲ್ಲಿ ಇದೆಂಥ ಕಾವಲು ಎಂದು ಎಲ್ಲರೂ ಮುಸಿಮುಸಿ ನಗುತ್ತಿದ್ದರು. ಯಾರದೋ ಫೋನಿನಲ್ಲಿ ಅಲಾರಂ ಇಟ್ಟಿದ್ದರು. ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಡ್ರಮ್ಮಿನೊಳಗಿಂದ ಮದುವೆ ಬ್ಯಾಂಡು ಬಾರಿಸಿತು.

ಊಟಕ್ಕೆ ಕೂತಾಗ ಆ ನಗುವಿನ ಗುಂಗಿನಲ್ಲೇ ನಾನು ಬಾಯಿಬಿಟ್ಟೆ. ಎಲ್ಲರ ಎದುರಿಗೆ.

"ಭಾವ, ಒಂದ್ ತಿಂಗಳಿಂದ ನೀವು ತಿಂದಿದ್ದು ಮೆಗ್ನೀಸಿಯಂ ಅಲ್ರಿ. ನಮ್ಮನಿ ವಿಭೂತಿ. ನಿಮಗ ಏನೂ ಆಗಿಲ್ಲ. ಸುಮ್ಮನ ಎದ್ದು ನಮ್ಮನಿಗೆ ಬರ್ರಿ."

ಪಂಕ್ತಿಯೆಲ್ಲ ನಕ್ಕಿತು. ಒಬ್ಬರಿಗೆ ಸಾರು ನೆತ್ತಿಗೇರಿತು. ಭಾವನೂ ನಕ್ಕರು.

"ಹಂಗಾದ್ರ ಇಷ್ಟ ದಿನ ಹೊರಗ ಹಚ್ಚಿಗೊಂಡೆ, ಈ ತಿಂಗಳು ಒಳಗ ಹಚ್ಚಿಗೊಂಡೆ ಅನ್ನು" ಎಂದರು. ಮತ್ತೆ ನಗು. ಗೆದ್ದೆ ಎಂದುಕೊಂಡೆ.

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಅವರು ನನ್ನ ಕೈಗೆ ನೀರು ಹಾಕಿದರು. ಅಲ್ಲಿ ಇಬ್ಬರೇ ಇದ್ದೆವು. ಮೆಲ್ಲಗೆ ಹೇಳಿದರು:

"ಟವರ್ ಅಂದದ್ದು ನಿನ್ನ ಮನಸಿಗೆ ನೋವಾಗಬಾರದು ಅಂತ. ನಿಮ್ಮನಿ ನೆನಸಿಕೊಂಡ್ರ ಕಿವಿಯೊಳಗ ನಿನ್ನ ದನಿ ಕೇಳ್ತೈತಿ. ಅವತ್ತು ನೀ ಬರಬೇಕಿತ್ತು. ಅಂಥ ಸುದ್ದಿ ಫೋನಿನಾಗ ಹೇಳ್ತಾರೇನಪಾ?"

ಕಾಯಿಲೆ ಇದೆಯೋ ಇಲ್ಲವೋ ಎಂದು ನಾನು ನಾಲ್ಕು ವರ್ಷ ಪರೀಕ್ಷೆ ಮಾಡಿದೆ. ಎಲ್ಲಿಂದ ಬಂತು ಎಂದು ಒಮ್ಮೆಯೂ ಕೇಳಲಿಲ್ಲ. ಬಲಗಿವಿ ಎಂದು ಅವರು ಎಷ್ಟು ಸಲ ಹೇಳಿದ್ದರು.

ಆ ದಿನ ಹೀಗಾಗಿತ್ತು. ಅಕ್ಕ ಆಸ್ಪತ್ರೆಯಲ್ಲಿದ್ದಳು. ಸುಗ್ಗಿಯ ಕಾಲ, ಸಿರುಗುಪ್ಪದ ಮಿಲ್ಲಿನ ದೊಡ್ಡ ಮೋಟಾರು ಸುಟ್ಟಿತ್ತು. ಅಕ್ಕನೇ, "ಹೋಗಿ ಬರ್ರಿ, ಇವನು ಅದಾನಲ್ಲ" ಎಂದು ಭಾವನನ್ನು ಕಳಿಸಿದ್ದಳು. ಮಧ್ಯಾಹ್ನ ಅವಳು ಹೋದಳು. ಹತ್ತಿರದವರ ಸಾವನ್ನು ಎದುರಿಗೆ ಹೋಗಿ ಹೇಳುವುದು ನಮ್ಮ ಮನೆತನದ ಪದ್ಧತಿ. ಹೇಳುವ ತನಕ ಸುದ್ದಿ ಒಯ್ದವನು ಆ ಮನೆಯಲ್ಲಿ ನೀರು ಮುಟ್ಟುವುದಿಲ್ಲ, ಹೇಳಿಯಾದ ಮೇಲೆ ಅವರನ್ನು ಜೊತೆಗೇ ಕರೆದುಕೊಂಡು ಬರಬೇಕು. ಅಜ್ಜಿ ಸತ್ತಾಗ ನಮ್ಮಪ್ಪ ಬಿಸಿಲಲ್ಲಿ ಹಚ್ಚೊಳ್ಳಿಗೆ ಹೋಗಿ ಸೋದರತ್ತೆಯ ಬಾಗಿಲಲ್ಲಿ ನಿಂತು ಚೊಂಬು ಬೇಡವೆಂದಾಗಲೇ ಅತ್ತೆಗೆ ತಿಳಿಯಿತಂತೆ. ಸಿರುಗುಪ್ಪವೇನು ದೂರವೇ? ಬಸ್ಸು ಗಂಟೆಗೊಂದಿತ್ತು. ಭಾವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಫೋನು ಮಾಡಿದೆ. ಅತ್ತ ಮಿಲ್ಲಿನ ಗದ್ದಲ. "ಕೇಳಸವಲ್ದು, ಜೋರಾಗಿ ಹೇಳು" ಎಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, ನನ್ನ ಅಕ್ಕ ಸತ್ತಳೆಂದು ಮೂರು ಸಲ ಕೂಗಿದೆ. ಸಂತೆಯಲ್ಲಿ ದರ ಕೂಗುವವರ ಹಾಗೆ.

ಪೂಜೆಯಾದ ಮುಂದಿನ ಸೋಮವಾರ ಮತ್ತೆ ಕುರುಗೋಡಿಗೆ ಹೋದೆ. ಪುಡಿ ಒಯ್ಯಲಿಲ್ಲ. ಫೋನು ಮನೆಯಲ್ಲೇ ಬಿಟ್ಟೆ. ಭಾವ ಬಾಗಿಲಿಗೆ ಬಂದು, "ಬಿಸಿಲಾಗ ಬಂದಿ, ತಗೋ" ಎಂದು ನೀರಿನ ಚೊಂಬು ಚಾಚಿದರು.

"ಈಗ ಬ್ಯಾಡ ಭಾವ" ಎಂದೆ.

ಚೊಂಬು ಹಿಡಿದ ಕೈ ಹಾಗೇ ನಿಂತಿತು. ಅವರು ನನ್ನ ಮುಖ ನೋಡಿದರು. ಚೊಂಬನ್ನು ಕೆಳಗಿಟ್ಟು ಚಾಪೆಯ ಮೇಲೆ ಕೂತರು. ನಾನು ಎದುರಿಗೆ ಕೂತೆ. ಅವರ ಮೊಣಕಾಲಿನ ಮೇಲೆ ಕೈಯಿಟ್ಟೆ.

"ಭಾವ, ಅಕ್ಕ ಹೋದಳ್ರಿ."

ಭಾವ ಕೇಳಿದರು, "ತ್ರಾಸ ಪಟ್ಲೇನು?"

"ಇಲ್ಲ. ನಿದ್ದಿ ಹತ್ತಿದಂಗ ಹೋದಳು."

"ಏನರ ಅಂದ್ಲೇನು?"

"ಮೋಟಾರ್ ಚಾಲೂ ಆತೇನು ಭಾವಗ ಕೇಳು ಅಂದ್ಲು. ನಾ ಕೇಳಲಿಲ್ರಿ."

"ಆಗಿತ್ತು" ಎಂದರು. "ನೀ ಫೋನ್ ಮಾಡಿದಾಗ ಗದ್ದಲ ಇತ್ತಲ್ಲ, ಅದs. ಆಗಷ್ಟ ಚಾಲೂ ಮಾಡಿ ಕೈ ಒರಸಿಕೊಂಡಿದ್ದೆ." ಆಮೇಲೆ ಅವರು ಅತ್ತರು. ಮಣ್ಣು ಮಾಡಿದ ದಿನವೂ ಅತ್ತವರಲ್ಲ. ನಾನು ಕೈ ತೆಗೆಯದೆ ಕೂತಿದ್ದೆ.

ಕೊನೆಗೆ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಕೆಳಗಿಟ್ಟ ಚೊಂಬನ್ನು ನನ್ನ ಕಡೆ ಸರಿಸಿದರು.

"ಕುಡಿ. ಅಂಗಿ ಹಾಕ್ಕೊಂಡ್ ಬರತೀನಿ. ಬಳ್ಳಾರಿ ಬಸ್ಸು ಎಷ್ಟಕ್ಕೈತಿ?"